ಹೊಟ್ಟೆ ಹುಣ್ಣು: ಹಂದಿ ಓಡಿಸಲು ಹೋಗಿ ಗದ್ದೆ ತುಳಿದ ಕಥೆ

ಒಂದು ಭಾನುವಾರ ಬೆಳಿಗ್ಗೆ ನಮ್ಮೂರ ಗ್ರಂಥಾಲಯದ ಮಹಡಿಯಲ್ಲಿ ಮಾತಾಡಿದ್ದನ್ನು ಬರೆದುಕೊಡಿ ಅಂತ ಕೆಲವರು ಕೇಳಿದರು. ಅದಕ್ಕೆ ಈ ಬರಹ. ಮೈಕ್ ಕೈಕೊಟ್ಟ ಹತ್ತು ನಿಮಿಷವನ್ನೂ ನನ್ನ ತೊದಲನ್ನೂ ಬಿಟ್ಟಿದ್ದೇನೆ. ಮಿಕ್ಕಿದ್ದು ಹೆಚ್ಚು ಕಡಿಮೆ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ನಾನು ಪೆಥಾಲಜಿಯವನು. ಅಂದರೆ ರೋಗಿಯ ಮುಖ ನೋಡದೆ, ರೋಗಿಯ ಒಂದು ತುಣುಕನ್ನು ಮಾತ್ರ ನೋಡುವ ಡಾಕ್ಟರು. ಮೂವತ್ತು ವರ್ಷ ಮೈಕ್ರೋಸ್ಕೋಪಿಗೆ ಕಣ್ಣು ಒತ್ತಿ ಕೂತವನನ್ನು ಎಬ್ಬಿಸಿ ಮಾತಾಡು ಅಂದರೆ ಸ್ವಲ್ಪ ಕಷ್ಟ. ಎಲ್ಲಾದರೂ ಜಾಸ್ತಿ ಕೊರೆದರೆ ಕೈ ಎತ್ತಿ.

ಹೋದ ಸಲ ಇಲ್ಲೇ ಒಬ್ಬರು ಕೇಳಿದ್ದರು, "ಡಾಕ್ಟ್ರೇ, ಇಮ್ಯೂನಿಟಿ ಜಾಸ್ತಿ ಮಾಡ್ಕೊಂಡ್ರೆ ಅಲ್ಸರ್ ಹೋಗುತ್ತಾ?" ಕೊರೊನಾ ಬಂದು ಹೋದ ಮೇಲೆ ಇಮ್ಯೂನಿಟಿ ಅನ್ನೋದು ಅಡುಗೆಮನೆ ಮಾತಾಗಿಬಿಟ್ಟಿದೆ. ಕಷಾಯದ ಪುಡಿಯ ಪೊಟ್ಟಣದ ಮೇಲೂ ಅದೇ, ಬಿಸ್ಕತ್ತಿನ ಮೇಲೂ ಅದೇ. ಆವತ್ತು ಎರಡು ಮಾತು ಹೇಳಿ ತಪ್ಪಿಸಿಕೊಂಡೆ. ಇವತ್ತು ಪೂರ್ತಿ ಹೇಳಬೇಕು. ಯಾಕೆಂದರೆ ಅಲ್ಸರ್ ವಿಷಯದಲ್ಲಿ ಉತ್ತರ ಬಹಳ ಮಟ್ಟಿಗೆ ಉಲ್ಟಾ.

ಮೊದಲು ಒಂದು ಗೊಂದಲ ತೀರಿಸಿಬಿಡೋಣ. ನಮ್ಮಲ್ಲಿ 'ಗ್ಯಾಸ್ಟ್ರಿಕ್' ಅನ್ನೋದು ಒಂದು ದೊಡ್ಡ ಗೋಣಿಚೀಲ. ಎದೆಯುರಿ, ಹುಳಿತೇಗು, ಹೊಟ್ಟೆ ಉಬ್ಬರ, ಮದುವೆ ಮನೆಯಲ್ಲಿ ಹೋಳಿಗೆ ಜಾಸ್ತಿ ಆಗಿದ್ದು, ಎಲ್ಲ ಅದರೊಳಗೆ. ಹಾರ್ಟ್ ಅಟ್ಯಾಕನ್ನು ಕೂಡ ಗ್ಯಾಸ್ಟ್ರಿಕ್ ಅಂದುಕೊಂಡು ಸೋಡಾ ಕುಡಿದು ಮಲಗಿದವರಿದ್ದಾರೆ. ನಾನು ಹೇಳುತ್ತಿರೋದು ಅದಲ್ಲ. ಪೆಪ್ಟಿಕ್ ಅಲ್ಸರ್ ಅಂದರೆ ನಿಜವಾದ ಹುಣ್ಣು. ಜಠರದ ಒಳಗೋಡೆಯಲ್ಲೋ, ಜಠರ ಮುಗಿದ ಕೂಡಲೇ ಶುರುವಾಗುವ ಡುವೋಡಿನಂ ಅನ್ನೋ ಕರುಳಿನ ತುಂಡಲ್ಲೋ ಆಗುವ ಗುಳಿ. ಮೇಲ್ಪದರ ಕಿತ್ತುಹೋಗಿರುತ್ತದೆ, ಅದರ ಕೆಳಗಿನದೂ ಹೋಗಿರುತ್ತದೆ. ಆಳದಲ್ಲಿ ರಕ್ತನಾಳ ಸಿಕ್ಕರೆ ರಕ್ತ ಸೋರುತ್ತದೆ, ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತದೆ. ಗೋಡೆಯೇ ತೂತಾದರೆ ಅವತ್ತೇ ಆಪರೇಷನ್.

ನಮ್ಮ ಅಪ್ಪನಿಗೆ ಇದೇ ಇತ್ತು. ಬಸ್ ಕಂಡಕ್ಟರ್ ಆಗಿದ್ದರು. 1970ರ ದಶಕದ ಮಾತು. ರಾತ್ರಿ ಎರಡು ಗಂಟೆಗೆ ಹೊಟ್ಟೆ ಕೊರೆಯೋಕೆ ಶುರುವಾದರೆ ಎದ್ದು ಕತ್ತಲಲ್ಲೇ ಅಡುಗೆಮನೆಗೆ ಹೋಗಿ ಹಾಲು ಹುಡುಕುತ್ತಿದ್ದರು. ಬೆಕ್ಕಿನ ಕಾಟಕ್ಕೆ ಅಮ್ಮ ಪಾತ್ರೆ ಮೇಲೆ ತಟ್ಟೆ ಮುಚ್ಚಿ, ತಟ್ಟೆ ಮೇಲೆ ಕುಟ್ಟಾಣಿ ಇಟ್ಟಿರುತ್ತಿದ್ದರು. ಆ ಕುಟ್ಟಾಣಿ ಸದ್ದಿಗೆ ಮನೆಯವರಿಗೆಲ್ಲ ಎಚ್ಚರ. ಡಾಕ್ಟರು ಹೇಳುತ್ತಿದ್ದದ್ದು ಮೂರೇ ಮಾತು: ಸಿಟ್ಟು ಮಾಡ್ಕೋಬೇಡಿ, ಖಾರ ಬಿಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಕಂಡಕ್ಟರಿಗೆ ಹೇಳೋ ಮಾತಾ ಇದು! ಕೊನೆಗೆ ಆಪರೇಷನ್ ಆಯಿತು. ಜಠರಕ್ಕೆ ಹೋಗುವ ವೇಗಸ್ ನರ ಕತ್ತರಿಸಿ, ಜಠರಕ್ಕೂ ಕರುಳಿಗೂ ಹೊಸ ದಾರಿ ಹೊಲಿದರು. ಆ ಕಾಲಕ್ಕೆ ಅದೇ ಸರಿಯಾದ ಚಿಕಿತ್ಸೆ, ಡಾಕ್ಟರ ತಪ್ಪೇನಿಲ್ಲ. 1910ರಲ್ಲಿ ಕಾರ್ಲ್ ಶ್ವಾರ್ಟ್ಸ್ ಅನ್ನೋ ವೈದ್ಯರು ಆಸಿಡ್ ಇಲ್ಲದಿದ್ದರೆ ಅಲ್ಸರ್ ಇಲ್ಲ ಅಂದಿದ್ದರು. ಮುಂದಿನ ಎಪ್ಪತ್ತು ವರ್ಷ ಎಲ್ಲರೂ ಆ ಒಂದೇ ಮಾತು ಹಿಡಿದು ನಡೆದರು. ಆಸಿಡ್ ಬರೋದನ್ನು ನಿಲ್ಲಿಸು, ನರ ಕತ್ತರಿಸಿಯಾದರೂ ಸರಿ.

ಆಸಿಡ್ ಇಲ್ಲದೆ ಅಲ್ಸರ್ ಆಗೋದು ಅಪರೂಪ ಅನ್ನೋದು ಇವತ್ತಿಗೂ ನಿಜವೇ. ಆದರೆ ಅದೇ ಆಸಿಡ್ ನಮ್ಮೆಲ್ಲರ ಹೊಟ್ಟೆಯಲ್ಲೂ ಇದೆ, ನಿಂಬೆರಸಕ್ಕಿಂತ ಹುಳಿಯಾಗಿ. ಬೆಳಗಾದರೆ ಇದೆ, ಸಂಜೆಯಾದರೆ ಇದೆ. ನಿಮ್ಮ ಹೊಟ್ಟೆ ಯಾಕೆ ತೂತಾಗಿಲ್ಲ? ಗೋಡೆಗೆ ಲೋಳೆಯ ದಪ್ಪ ಹೊದಿಕೆ ಇದೆ. ಅದರೊಳಗೆ ಅಡುಗೆ ಸೋಡಾದಂಥದ್ದೇ ಒಂದು ಕ್ಷಾರ ಇದೆ. ಮೇಲ್ಪದರದ ಜೀವಕೋಶಗಳು ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತಲೇ ಇರುತ್ತವೆ. ಹಾಗಾದರೆ ಆ ಹೊದಿಕೆ ಹರಿದವರು ಯಾರು?

ಇಲ್ಲಿ ನಮ್ಮ ಕಸುಬಿನವರೊಬ್ಬರು ಬರುತ್ತಾರೆ, ಹೇಳಿಕೊಳ್ಳೋಕೆ ನನಗೆ ಸ್ವಲ್ಪ ಜಂಬವೇ. ಆಸ್ಟ್ರೇಲಿಯಾದ ಪರ್ತ್ ಊರಿನ ರಾಬಿನ್ ವಾರೆನ್. 1979ರ ಜೂನ್ 11, ಅವರ 42ನೇ ಹುಟ್ಟುಹಬ್ಬದ ದಿನ. ಪರೀಕ್ಷೆಗೆ ಕಿತ್ತು ತೆಗೆದ ಜಠರದ ತುಣುಕೊಂದರ (ಬಯಾಪ್ಸಿ) ಮೇಲ್ಮೈಯಲ್ಲಿ ಅವರಿಗೆ ನೀಲಿ ಗೆರೆಯೊಂದು ಕಂಡಿತು. ದೊಡ್ಡದು ಮಾಡಿ ನೋಡಿದರೆ ಬ್ಯಾಕ್ಟೀರಿಯಾ. ಜಠರದ ಆಸಿಡ್ಡಿನಲ್ಲಿ ಏನೂ ಬದುಕಲ್ಲ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಬೆಳ್ಳಿಯ ಬಣ್ಣ ಹಾಕಿ ನೋಡಿದರು, ಇನ್ನೂ ಚೆನ್ನಾಗಿ ಕಂಡವು. 1981ರಲ್ಲಿ ಬ್ಯಾರಿ ಮಾರ್ಷಲ್ ಅನ್ನೋ ಯುವ ಡಾಕ್ಟರು ಜೊತೆ ಸೇರಿದರು. ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸೋಕೆ ಎಷ್ಟು ಪ್ರಯತ್ನ ಪಟ್ಟರೂ ಆಗಲಿಲ್ಲ, ಎರಡು ದಿನ ನೋಡಿ ಬಿಸಾಡುತ್ತಿದ್ದರು. 1982ರ ಈಸ್ಟರ್ ರಜೆಗೆ ತಟ್ಟೆಗಳು ಎತ್ತೋರಿಲ್ಲದೆ ಹಾಗೇ ಉಳಿದವು. ವಾಪಸ್ ಬಂದು ನೋಡಿದರೆ ಬೆಳೆದಿತ್ತು. ಇದು ನಿಧಾನಸ್ಥ ಪ್ರಾಣಿ ಅಂತ ಆಗ ಗೊತ್ತಾಯಿತು. ಹೆಲಿಕೋಬ್ಯಾಕ್ಟರ್ ಪೈಲೋರಿ ಅಂತ ಹೆಸರು, ನಾನು ಪೈಲೋರಿ ಅಂತ ಮಾತ್ರ ಅನ್ನುತ್ತೇನೆ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಬ್ಯಾಕ್ಟೀರಿಯಾ ಸಿಕ್ಕಿತು, ಕಳ್ಳ ಸಿಕ್ಕ, ಶುಭಂ. ಆದರೆ ಆ ಸ್ಲೈಡಿನಲ್ಲಿ ವಾರೆನ್ ಕಂಡಿದ್ದು ಬ್ಯಾಕ್ಟೀರಿಯಾ ಒಂದನ್ನೇ ಅಲ್ಲ. ಅವುಗಳ ಕೆಳಗೆ, ಗೋಡೆಯೊಳಗೆ, ನಮ್ಮದೇ ಬಿಳಿ ರಕ್ತಕಣಗಳ ದಂಡು ಇತ್ತು.

ಸ್ಲೈಡ್ ಹೇಗಿರುತ್ತದೆ ಹೇಳುತ್ತೇನೆ, ಕಣ್ಣು ಮುಚ್ಚಿ ಕೇಳಿ. ಚೆನ್ನಾಗಿರುವ ಜಠರದ ತುಣುಕು ನೋಡೋಕೆ ಚಂದ. ಉದ್ದುದ್ದ ಲೋಟ ಜೋಡಿಸಿಟ್ಟ ಹಾಗೆ ಗ್ರಂಥಿಗಳು, ಮೇಲೆ ಒಂದೇ ಎತ್ತರಕ್ಕೆ ನಿಂತ ಜೀವಕೋಶಗಳ ಸಾಲು, ನಡುವೆ ಬಹುತೇಕ ಖಾಲಿ ಜಾಗ. ಪೈಲೋರಿ ಇರುವ ಸ್ಲೈಡಿನಲ್ಲಿ ಮೇಲಿನ ಲೋಳೆಯೊಳಗೆ ಜೀರಿಗೆ ಚೆಲ್ಲಿದ ಹಾಗೆ ಸಣ್ಣ ಬಾಗಿದ ಕಡ್ಡಿಗಳು ಕಾಣುತ್ತವೆ. ಅವು ಸುಮ್ನೆ ಇರುತ್ತವೆ. ಗಲಾಟೆ ಇರೋದು ಕೆಳಗೆ. ಖಾಲಿ ಇರಬೇಕಾದ ಜಾಗದಲ್ಲಿ ಸಂತೆ ಸೇರಿರುತ್ತದೆ. ಅದರಲ್ಲಿ ನ್ಯೂಟ್ರೋಫಿಲ್ ಅನ್ನೋ ಕಣಗಳನ್ನು ಗುರುತಿಸೋದು ಸುಲಭ, ಒಳಗಿನ ಬೀಜ ಮೂರು ನಾಲ್ಕು ಮಣಿ ಪೋಣಿಸಿದ ಹಾಗಿರುತ್ತದೆ. ಅವು ಗೋಡೆಯ ಜೀವಕೋಶಗಳ ಸಂದಿಯಲ್ಲಿ ನುಗ್ಗಿ, ಗ್ರಂಥಿಯ ಬಾಯೊಳಗೆ ಗುಂಪು ಕಟ್ಟಿ ಸತ್ತು ಬಿದ್ದಿರುತ್ತವೆ. ಗಾಯದಲ್ಲಿ ಕೀವು ಆಗುತ್ತದಲ್ಲ, ಆ ಕೀವಿನಲ್ಲಿ ಹೆಚ್ಚಿನ ಪಾಲು ಇವೇ. ಅಂದರೆ ಹೊಟ್ಟೆಯ ಗೋಡೆಯಲ್ಲಿ ಸೂಜಿಮೊನೆಯಷ್ಟು ಸಣ್ಣ ಸಣ್ಣ ಕೀವುಗುಳ್ಳೆ. ಇದಕ್ಕೆ ಕನ್ನಡದಲ್ಲಿ ಉರಿಯೂತ ಅಂತ ಪದ ಇದೆ. ಉರಿಯೂ ಇದೆ, ಊತವೂ ಇದೆ. ಯಾರು ಹುಟ್ಟಿಸಿದರೋ, ಒಳ್ಳೆಯ ಪದ.

ಈಗ ಪೈಲೋರಿಯ ಚಾಲಾಕಿತನ ನೋಡಿ. ನುಂಗಿದ ತಕ್ಷಣ ಅದು ಬೀಳೋದು ಆಸಿಡ್ಡಿನಲ್ಲಿ. ಅದರ ಹತ್ತಿರ ಯೂರಿಯೇಸ್ ಅನ್ನೋ ಕಿಣ್ವ ಇದೆ. ನಮ್ಮ ಮೈಯ ಯೂರಿಯಾವನ್ನೇ ಒಡೆದು ಅಮೋನಿಯಾ ಮಾಡಿಕೊಂಡು, ಸುತ್ತ ಒಂದಿಷ್ಟು ಜಾಗದ ಹುಳಿ ತೆಗೆದುಬಿಡುತ್ತದೆ. ಬಾಲ ತಿರುಗಿಸುತ್ತಾ ಲೋಳೆಯೊಳಗೆ ತಿರುಪಿನ ಹಾಗೆ ಇಳಿಯುತ್ತದೆ. ಅಲ್ಲಿ ಆಸಿಡ್ ಕಾಟ ಕಡಿಮೆ, ರಕ್ತದಿಂದ ಬರುವ ಬಿಳಿಕಣಗಳೂ ಸುಲಭಕ್ಕೆ ತಲುಪಲ್ಲ. ಗಡಿಯಲ್ಲಿ ಎರಡೂ ರಾಜ್ಯದ ಪೊಲೀಸರಿಗೆ ಸಿಗದ ಜಾಗದಲ್ಲಿ ಅಂಗಡಿ ಇಟ್ಟ ಹಾಗೆ.

ನಮ್ಮ ಮೈಯಲ್ಲಿ ಕಾವಲುಗಾರರಿದ್ದಾರೆ. ಬ್ಯಾಕ್ಟೀರಿಯಾದ ಬಾಲವನ್ನು ಗುರುತು ಹಿಡಿಯೋಕೆ ಒಂದು, ಮೈಮೇಲಿನ ಕೊಬ್ಬು-ಸಕ್ಕರೆಯ ಕವಚ ಗುರುತು ಹಿಡಿಯೋಕೆ ಇನ್ನೊಂದು, ಹೀಗೆ. ಪೈಲೋರಿ ತನ್ನ ಬಾಲದ ಪ್ರೋಟೀನನ್ನು ಕಾವಲುಗಾರನಿಗೆ ಗುರುತು ಸಿಗದಷ್ಟು ಬದಲಾಯಿಸಿಕೊಂಡಿದೆ. ಕವಚವನ್ನೂ ತಿದ್ದಿಕೊಂಡಿದೆ, ಬೇರೆ ಬ್ಯಾಕ್ಟೀರಿಯಾ ಕಂಡರೆ ಹೊಡೆದುಕೊಳ್ಳುವ ಗಂಟೆ ಇದನ್ನು ಕಂಡರೆ ಗೊರಕೆ ಹೊಡೆಯುತ್ತದೆ. ಇನ್ನೂ ಒಂದು ಆಟ: ನಮ್ಮ ರಕ್ತಕಣಗಳ ಮೇಲಿರುವ ಲೂಯಿಸ್ ಅನ್ನೋ ಸಕ್ಕರೆ ಗುರುತುಗಳಂಥದ್ದನ್ನೇ ತನ್ನ ಮೈಮೇಲೂ ಹಚ್ಚಿಕೊಂಡು ಓಡಾಡುತ್ತದೆ. ಮದುವೆ ಮನೆಗೆ ಕರೆಯದೆ ಬಂದವನು ಹಣೆಗೆ ಕುಂಕುಮ ಇಟ್ಟುಕೊಂಡು ಪಂಕ್ತಿಯಲ್ಲಿ ಕೂತ ಹಾಗೆ.

ಇಷ್ಟು ಹುಷಾರಾದ ಪ್ರಾಣಿ ಸುಮ್ನೆ ಇದ್ದಿದ್ದರೆ ಅಲ್ಸರ್ ಅನ್ನೋ ಮಾತೇ ಬರುತ್ತಿರಲಿಲ್ಲವೇನೋ. ಆದರೆ ಕೆಲವು ತಳಿಗಳ ಹತ್ತಿರ ಒಂದು ಸೂಜಿ ಇದೆ. ಅದನ್ನು ಜಠರದ ಜೀವಕೋಶಕ್ಕೆ ಚುಚ್ಚಿ ಕ್ಯಾಗ್-ಎ ಅನ್ನೋ ಪ್ರೋಟೀನನ್ನು ಒಳಗೆ ಬಿಡುತ್ತದೆ. ಅದರ ಜೊತೆ ತನ್ನ ಗೋಡೆಯ ಒಂದೆರಡು ಚೂರೂ ಒಳಗೆ ಬಿದ್ದುಹೋಗುತ್ತವೆ. ಜೀವಕೋಶದ ಒಳಗೆ ನಾಡ್-1 ಅನ್ನೋ ಇನ್ನೊಬ್ಬ ಕಾವಲುಗಾರ ಕೂತಿರುತ್ತಾನೆ. ಅವನಿಗೆ ಆ ಚೂರು ಸಿಕ್ಕಿತೋ, ಮುಗಿಯಿತು. ಇಂಟರ್‌ಲ್ಯೂಕಿನ್-8 ಅನ್ನೋ ರಾಸಾಯನಿಕ ಹೊರಗೆ ಹೋಗುತ್ತದೆ. ಅದರ ಕೆಲಸ ಒಂದೇ, ನ್ಯೂಟ್ರೋಫಿಲ್‌ಗಳಿಗೆ ಕೂಗು ಹಾಕೋದು.

ಬಂದವು ಏನು ಮಾಡುತ್ತವೆ? ಅವುಗಳಿಗೆ ಗೊತ್ತಿರೋದು ಹೊಡೆಯೋದು. ಬ್ಲೀಚಿಂಗ್ ಪುಡಿಯಂಥ ಉರಿಯುವ ರಾಸಾಯನಿಕ ಉಗುಳುತ್ತವೆ, ಪ್ರೋಟೀನ್ ಕರಗಿಸುವ ಕಿಣ್ವ ಚೆಲ್ಲುತ್ತವೆ. ಬ್ಯಾಕ್ಟೀರಿಯಾ ಇರೋದು ಮೇಲೆ ಲೋಳೆಯಲ್ಲಿ, ಅದರ ಹತ್ತಿರ ಈ ಉರಿಯನ್ನು ಆರಿಸುವ ಕಿಣ್ವಗಳೂ ಇವೆ. ನಮ್ಮ ಗೋಡೆಯ ಹತ್ತಿರ ಅಷ್ಟು ತಯಾರಿ ಇಲ್ಲ. ಏಟು ಬೀಳೋದು ಗೋಡೆಗೆ.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಂತ ನೀವು ಹೇಳಬಹುದು. ನಾನೂ ಕ್ಲಾಸಿನಲ್ಲಿ ಬಹಳ ವರ್ಷ ಅದನ್ನೇ ಹೇಳಿದೆ. ಆಮೇಲೆ ಸರಿ ಅನ್ನಿಸಲಿಲ್ಲ. ಬೇಲಿಗೆ ಇಲ್ಲಿ ದುರಾಸೆ ಏನಿಲ್ಲ. ನಮ್ಮಜ್ಜಿ ಊರಲ್ಲಿ ತೆನೆ ಕಟ್ಟುವ ಹೊತ್ತಿಗೆ ಗದ್ದೆಗೆ ಕಾಡುಹಂದಿ ಬರುತ್ತಿತ್ತು. ಒಂದೇ ಹಂದಿ. ಅದನ್ನು ಓಡಿಸೋಕೆ ಇಪ್ಪತ್ತು ಜನ ದೊಣ್ಣೆ, ದೀವಟಿಗೆ, ನಾಯಿ ಸಮೇತ ಗದ್ದೆಗೆ ಇಳಿಯೋರು. ಹಂದಿ ಒಂದು ಮೂಲೆಯಿಂದ ಜಾರಿಕೊಳ್ಳುತ್ತಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಹಂದಿ ತಿಂದಿದ್ದು ಒಂದು ಚಾಪೆಯಷ್ಟು ಜಾಗ, ಜನ ತುಳಿದಿದ್ದು ಅರ್ಧ ಗದ್ದೆ. ಮರುದಿನ ರಾತ್ರಿ ಹಂದಿ ಮತ್ತೆ ಬರುತ್ತಿತ್ತು, ಜನರೂ ಮತ್ತೆ ಇಳಿಯೋರು. ಪೈಲೋರಿ ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲಿ ಮನೆಯವರಿಂದಲೇ ಬರುತ್ತದೆ, ಔಷಧಿ ಕೊಡದಿದ್ದರೆ ಬಹುತೇಕರಲ್ಲಿ ಜೀವಮಾನವಿಡೀ ಇರುತ್ತದೆ. ಅಷ್ಟೂ ವರ್ಷ ಈ ರಾತ್ರಿ ಗಲಾಟೆ ನಡೆದೇ ಇರುತ್ತದೆ.

ಇದನ್ನು ನಾನು ಸುಮ್ನೆ ಕಥೆ ಕಟ್ಟಿ ಹೇಳುತ್ತಿಲ್ಲ, ಪ್ರಯೋಗ ಇದೆ. ಕೆಲವು ಇಲಿಗಳಿಗೆ ಹುಟ್ಟಿನಿಂದಲೇ ರಕ್ಷಣಾ ಪಡೆಯ ಮುಖ್ಯ ಬಿಳಿಕಣಗಳಾದ ಟಿ ಜೀವಕೋಶ, ಬಿ ಜೀವಕೋಶ ಎರಡೂ ಇರಲ್ಲ. ಅವುಗಳಿಗೆ ಪೈಲೋರಿ ಕುಡಿಸಿದರು. ಹೊಟ್ಟೆ ತುಂಬ ಬ್ಯಾಕ್ಟೀರಿಯಾ ಬೆಳೆಯಿತು, ಆದರೆ ಜಠರಕ್ಕೆ ಹೇಳಿಕೊಳ್ಳುವಂಥ ಪೆಟ್ಟಿಲ್ಲ. ಆಮೇಲೆ ಆರೋಗ್ಯವಂತ ಇಲಿಯ ರಕ್ಷಣಾ ಜೀವಕೋಶಗಳನ್ನು ಅದೇ ಥರದ ಇಲಿಗಳಿಗೆ ಕೊಟ್ಟರು. ಬ್ಯಾಕ್ಟೀರಿಯಾ ಕಡಿಮೆಯಾಯಿತು. ಆದರೆ ಜಠರ ಕೆಂಡವಾಯಿತು. 1999ರಲ್ಲಿ ಪ್ರಕಟವಾದ ಕೆಲಸ ಇದು. ಬ್ಯಾಕ್ಟೀರಿಯಾ ಜಾಸ್ತಿ ಇದ್ದಾಗ ರೋಗ ಕಡಿಮೆ, ಕಡಿಮೆ ಇದ್ದಾಗ ರೋಗ ಜಾಸ್ತಿ! ಈ ಒಂದು ಫಲಿತಾಂಶ ಓದಿದ ದಿನ ನಾನು ಊಟದ ಡಬ್ಬಿ ತೆಗೆಯೋದು ಮರೆತಿದ್ದೆ.

ಮನುಷ್ಯರ ಮೇಲೂ ಒಂದು ಥರ ಪ್ರಯೋಗ ಆಗಿದೆ, ಅದೂ ತಮ್ಮ ಮೇಲೆ ತಾವೇ. 1984ರಲ್ಲಿ ಮಾರ್ಷಲ್ ಪೈಲೋರಿ ಬೆಳೆಸಿದ ಸಾರನ್ನು ಕುಡಿದರು, ಇದು ನಿಮಗೆ ಗೊತ್ತಿರಬಹುದು. ವಾಂತಿ ಆಯಿತು, ಬಾಯಿ ವಾಸನೆ ಬಂತು. 10ನೇ ದಿನ ಬಯಾಪ್ಸಿ ತೆಗೆದರೆ ಜೋರು ಉರಿಯೂತ. ಆದರೆ 14ನೇ ದಿನಕ್ಕೆ ಅದು ಬಹುಪಾಲು ಇಳಿದುಹೋಗಿತ್ತು. ಅಲ್ಸರ್ ಆಗಲಿಲ್ಲ. ಸ್ವಲ್ಪ ವರ್ಷದ ಮೇಲೆ ನ್ಯೂಜಿಲೆಂಡಿನ ಆರ್ಥರ್ ಮಾರಿಸ್ ಕೂಡ ಹೀಗೇ ಕುಡಿದರು. ಅವರನ್ನು ಯಾರೂ ನೆನೆಸಿಕೊಳ್ಳಲ್ಲ, ಪಾಪ. ಅವರಿಗೆ ಸೋಂಕು ಹೋಗಲೇ ಇಲ್ಲ, ವರ್ಷಗಟ್ಟಲೆ ಉಳಿದುಬಿಟ್ಟಿತು. ತಳಿ ಬೇರೆ ಇತ್ತು, ಸಂದರ್ಭ ಬೇರೆ ಇತ್ತು, ಒಪ್ಪುತ್ತೇನೆ. ಆದರೂ ಇಬ್ಬರು ಗಟ್ಟಿಮುಟ್ಟಾದ ಗಂಡಸರು, ಒಂದೇ ಜಾತಿಯ ಬ್ಯಾಕ್ಟೀರಿಯಾ, ಎರಡು ಥರ ಫಲ.

ನನಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅನ್ನಿಸೋದು ಇದೇ. ಪ್ರಪಂಚದ ಸುಮಾರು ಅರ್ಧ ಜನರ ಹೊಟ್ಟೆಯಲ್ಲಿ ಪೈಲೋರಿ ಇದೆ ಅಂತ ಬಹುಕಾಲದ ಲೆಕ್ಕ. ನಮ್ಮ ದೇಶದಲ್ಲಿ ಅದಕ್ಕಿಂತ ಜಾಸ್ತಿ. ಈ ಮಹಡಿಯಲ್ಲಿ ಕೂತ ಅರವತ್ತು ಜನರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯಲ್ಲಿ ಇರಬಹುದು, ನನ್ನನ್ನೂ ಸೇರಿಸಿ. ಆದರೆ ಅಂಥವರಲ್ಲಿ ಅಲ್ಸರ್ ಆಗೋದು ನೂರಕ್ಕೆ ಹತ್ತು ಹದಿನೈದು ಜನಕ್ಕೆ. ಮಿಕ್ಕವರು ಹೋಳಿಗೆ ತಿಂದುಕೊಂಡು ಆರಾಮಾಗಿದ್ದಾರೆ. ಯಾಕೆ?

ತಳಿಯ ಸೂಜಿ ಒಂದು ಕಾರಣ, ಹೇಳಿದೆ. ಇನ್ನೊಂದು ಕಾರಣ ನಮ್ಮ ಕಡೆಯದು. ರಕ್ಷಣಾ ಪಡೆಯಲ್ಲಿ ಹೊಡೆಯೋರು ಮಾತ್ರ ಇಲ್ಲ, 'ಸಾಕು ಬಿಡ್ರೋ' ಅನ್ನೋರೂ ಇದ್ದಾರೆ. ರೆಗ್ಯುಲೇಟರಿ ಟಿ ಜೀವಕೋಶ ಅಂತ ಹೆಸರು. ಬೀದಿ ಜಗಳದಲ್ಲಿ ಮಧ್ಯೆ ನಿಂತು ಎರಡೂ ಕಡೆಯವರ ಕೈ ಹಿಡಿಯುವ ಹಿರಿಯರ ಹಾಗೆ. ಇಂಟರ್‌ಲ್ಯೂಕಿನ್-10 ಅನ್ನೋ ತಣ್ಣೀರು ಎರಚಿ ಗಲಾಟೆ ಇಳಿಸುತ್ತವೆ. 2008ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ತಂಡ ಪೈಲೋರಿ ಇರುವವರ ಜಠರದ ತುಣುಕುಗಳನ್ನು ನೋಡಿತು. ಅಲ್ಸರ್ ಇದ್ದವರಲ್ಲಿ ಈ ಹಿರಿಯರ ಸಂಖ್ಯೆ ಕಡಿಮೆ, ಹೊಡೆಯೋರ ಅಬ್ಬರ ಜಾಸ್ತಿ. ಅದೇ ವರ್ಷ ಚಿಲಿ ದೇಶದ ಮಕ್ಕಳ ಬಗ್ಗೆ ಇನ್ನೊಂದು ಕೆಲಸ ಬಂತು. ಸೋಂಕು ಇದ್ದರೂ ಮಕ್ಕಳಲ್ಲಿ ಉರಿಯೂತ ದೊಡ್ಡವರಷ್ಟಿಲ್ಲ, ಈ ಜಗಳ ಬಿಡಿಸುವ ಜೀವಕೋಶಗಳ ಸಂಖ್ಯೆ ಮಾತ್ರ ಜಾಸ್ತಿ. ಇನ್ನೂ ತಮಾಷೆ ಅಂದರೆ, ಈ ಶಾಂತಿಪಾಲಕರನ್ನು ಬೆಳೆಸೋದರಲ್ಲಿ ಪೈಲೋರಿಗೂ ಲಾಭ ಇದೆ. ಗಲಾಟೆ ಇಳಿದರೆ ಅದಕ್ಕೂ ಬಾಡಿಗೆ ಇಲ್ಲದೆ ಇರೋಕೆ ಆಗುತ್ತದಲ್ವಾ. ಅಲ್ಸರ್ ಅನ್ನೋದು ಅದಕ್ಕೂ ಬೇಡದ ಸಂಗತಿ. ಒಪ್ಪಂದ ಮುರಿದಾಗ ಆಗುವಂಥದ್ದು ಅದು.

ಈಗ ಆಸಿಡ್ಡಿಗೆ ವಾಪಸ್ ಬರೋಣ, ಅಪ್ಪನ ರಾತ್ರಿ ಎರಡು ಗಂಟೆಯ ನೋವಿಗೆ. ಇದು ಸ್ವಲ್ಪ ಸುತ್ತಿನ ದಾರಿ, ಆದರೆ ನನಗೆ ಬಹಳ ಇಷ್ಟದ್ದು. ಜಠರದ ಕೆಳಗಿನ ತುದಿ, ಕರುಳಿಗೆ ಸೇರುವ ಭಾಗ, ಆಸಿಡ್ ಮಾಡಲ್ಲ. ಆಸಿಡ್ ಎಷ್ಟು ಬೇಕು ಅಂತ ಹೇಳುವ ಆಫೀಸು ಅಲ್ಲಿದೆ. ಗ್ಯಾಸ್ಟ್ರಿನ್ ಅನ್ನೋ ಹಾರ್ಮೋನು 'ಬಿಡು' ಅನ್ನುತ್ತದೆ, ಸೊಮಟೋಸ್ಟ್ಯಾಟಿನ್ ಅನ್ನೋದು 'ಸಾಕು' ಅನ್ನುತ್ತದೆ. ಪೈಲೋರಿಯ ಗಲಾಟೆ ಈ ತುದಿಯಲ್ಲೇ ಜೋರಾಗಿದ್ದರೆ, ಬಿಳಿಕಣಗಳು ಬಿಡುವ ರಾಸಾಯನಿಕಗಳಿಂದ 'ಸಾಕು' ಅನ್ನೋನ ದನಿ ಅಡಗುತ್ತದೆ. ನಲ್ಲಿ ತೆರೆದೇ ಉಳಿಯುತ್ತದೆ. ಮೇಲಿನ ಭಾಗ ಗಟ್ಟಿಯಾಗೇ ಇರೋದರಿಂದ ಅದು ಆಸಿಡ್ ಸುರಿಯುತ್ತಲೇ ಇರುತ್ತದೆ, ಹೊಟ್ಟೆ ಖಾಲಿ ಇರುವ ರಾತ್ರಿಯಲ್ಲೂ. ಆ ಹುಳಿಯೆಲ್ಲ ಡುವೋಡಿನಂಗೆ ಇಳಿಯುತ್ತದೆ. ಕರುಳು ಏನು ಮಾಡಬೇಕು? ತಡೆದುಕೊಳ್ಳೋಕೆ ಅಲ್ಲಲ್ಲಿ ತನ್ನ ಮೇಲ್ಪದರವನ್ನು ಜಠರದ ಥರವೇ ಬದಲಾಯಿಸಿಕೊಳ್ಳುತ್ತದೆ. ಒಳ್ಳೆಯ ಉಪಾಯವೇ. ಆದರೆ ಪೈಲೋರಿ ಜಠರದ ಥರದ ಗೋಡೆ ಮೇಲೆ ಮಾತ್ರ ಮನೆ ಮಾಡೋದು. ಕರುಳಿನಲ್ಲಿ ಅದಕ್ಕೆ ಹೊಸ ಸೈಟು ಸಿಕ್ಕಿತು. ಅದರ ಹಿಂದೆಯೇ ದೊಣ್ಣೆ ಹಿಡಿದವರೂ ಬಂದರು. ಮೇಲಿಂದ ಆಸಿಡ್, ಕೆಳಗಿಂದ ಉರಿಯೂತ. ಗುಳಿ ಬಿತ್ತು. ಅಪ್ಪ ಹಾಲು ಕುಡಿದಾಗ ಆ ಹೊತ್ತಿಗೆ ಹುಳಿ ತಣ್ಣಗಾಗುತ್ತಿತ್ತು, ಅಷ್ಟೇ.

ಕೆಲವರಲ್ಲಿ ಗಲಾಟೆ ಜಠರದ ಮೇಲಿನ ದೊಡ್ಡ ಭಾಗಕ್ಕೆ ಹಬ್ಬುತ್ತದೆ. ಅಲ್ಲಿ ಬೇರೆ ಕಥೆ. ಇಂಟರ್‌ಲ್ಯೂಕಿನ್-1 ಬೀಟಾ ಅನ್ನೋ ರಾಸಾಯನಿಕ ಆಸಿಡ್ ಮಾಡುವ ಜೀವಕೋಶಗಳ ಬಾಯಿ ಮುಚ್ಚಿಸುತ್ತದೆ. ಅದನ್ನು ಹುಟ್ಟಿನಿಂದಲೇ ಜಾಸ್ತಿ ಮಾಡುವ ವಂಶವಾಹಿ ಇರುವವರಿಗೆ ಆಸಿಡ್ ಕಡಿಮೆಯಾಗಿ, ಗ್ರಂಥಿ ಸವೆದು, ಜಠರದ ಕ್ಯಾನ್ಸರಿನ ಸಾಧ್ಯತೆ ಹೆಚ್ಚುತ್ತದೆ ಅಂತ 2000ನೇ ಇಸವಿಯಲ್ಲಿ ಗೊತ್ತಾಯಿತು. ಡುವೋಡಿನಂ ಅಲ್ಸರ್ ಆದವರಿಗೆ ಈ ಕ್ಯಾನ್ಸರ್ ಬರೋದು ಉಳಿದವರಿಗಿಂತ ಕಡಿಮೆ. ಬ್ಯಾಕ್ಟೀರಿಯಾ ಅದೇ. ನಮ್ಮ ಪಡೆ ಎಲ್ಲಿ, ಹೇಗೆ ಹೊಡೆದಾಡಿತು ಅನ್ನೋದರ ಮೇಲೆ ದಾರಿ ಕವಲೊಡೆಯುತ್ತದೆ.

ಮೈಸೂರಿನ ವಿಷಯ ಹೇಳದೆ ಇರೋಕಾಗಲ್ಲ. 1950 ಮತ್ತು 60ರ ದಶಕಗಳಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಅದೇ ನಮ್ಮ ಮಿಷನ್ ಆಸ್ಪತ್ರೆಯಲ್ಲಿ, ಫ್ರಾಂಕ್ ಟೋವಿ ಅನ್ನೋ ಸರ್ಜನ್ ಇದ್ದರು. ನಮ್ಮ ಕಡೆ ಡುವೋಡಿನಂ ಅಲ್ಸರ್ ಯಾಕಿಷ್ಟು ಜಾಸ್ತಿ ಅನ್ನೋ ಪ್ರಶ್ನೆ ಅವರ ತಲೆಗೆ ಹತ್ತಿತು, ಇಂಗ್ಲೆಂಡಿಗೆ ವಾಪಸ್ ಹೋದ ಮೇಲೂ ಬಿಡಲಿಲ್ಲ. ದೇಶದ ನಕ್ಷೆ ಹಿಡಿದು ಲೆಕ್ಕ ಹಾಕಿದರು. ಅಕ್ಕಿ ತಿನ್ನುವ ದಕ್ಷಿಣ, ಪೂರ್ವದ ಕಡೆ ಜಾಸ್ತಿ. ಗೋಧಿ, ಕೆಲವು ಸಿರಿಧಾನ್ಯ ತಿನ್ನುವ ಕಡೆ ಕಡಿಮೆ. ಪೈಲೋರಿ ಸಿಕ್ಕ ಮೇಲೂ ಅವರು ಒಂದು ಮಾತು ಕೇಳುತ್ತಲೇ ಇದ್ದರು: ಬ್ಯಾಕ್ಟೀರಿಯಾ ಎರಡೂ ಕಡೆ ಒಂದೇ ಸಮ ಇದೆ, ಹಾಗಾದರೆ ಹುಣ್ಣು ಯಾಕೆ ಒಂದೇ ಸಮ ಇಲ್ಲ? ಯಾವ ಆಹಾರದಲ್ಲಿ ರಕ್ಷಣೆ ಇದೆ ಅಂತ ಇಲಿಗಳ ಮೇಲೆ ನೋಡುತ್ತಾ ಹೋದಾಗ ಅವರ ಗುಂಪಿಗೆ ಸಿಕ್ಕಿದ್ದರಲ್ಲಿ ಒಂದು ನಮ್ಮ ಹುರುಳಿ, ಅದರ ಎಣ್ಣೆಯ ಅಂಶ. ಇದನ್ನು ಕೇಳಿ ಹುರುಳಿ ಸಾರು ಅಲ್ಸರ್‌ಗೆ ಮದ್ದು ಅಂತ ವಾಟ್ಸಾಪಿನಲ್ಲಿ ಹಾಕಬೇಡಿ ಮಾರಾಯರೇ, ಅದು ಇಲಿಗಳ ಮಾತು. ಅಕ್ಕಿ-ಗೋಧಿ ವಾದ ನನಗೆ ಪೂರ್ತಿ ಒಪ್ಪಿಗೆಯೂ ಇಲ್ಲ. ಆದರೆ ಆ ಪ್ರಶ್ನೆ ಬಹಳ ಸರಿಯಾದದ್ದು.

ಆಫ್ರಿಕಾದ ಬಗ್ಗೆಯೂ ಇಂಥದ್ದೇ ಪ್ರಶ್ನೆ ಇತ್ತು, ಸೋಂಕು ಬಹಳ, ರೋಗ ಕಡಿಮೆ ಅಂತ. ಅದಕ್ಕೆ ಒಂದು ಉತ್ತರ ಜಂತುಹುಳದಲ್ಲಿ ಇರಬಹುದು ಅಂತ 2000ನೇ ಇಸವಿಯಲ್ಲಿ ಅಮೆರಿಕದ ಜೇಮ್ಸ್ ಫಾಕ್ಸ್ ತಂಡ ತೋರಿಸಿತು. ಇಲಿಗಳಿಗೆ ಪೈಲೋರಿಯ ದಾಯಾದಿ ಬ್ಯಾಕ್ಟೀರಿಯಾದ ಜೊತೆ ಕರುಳಿನ ಹುಳವನ್ನೂ ಕೊಟ್ಟರೆ ಜಠರ ಸವೆಯೋದು ಕಡಿಮೆಯಾಯಿತು. ಹುಳ ರಕ್ಷಣಾ ಪಡೆಯ ಸ್ವಭಾವವನ್ನೇ ಬೇರೆ ಕಡೆ ತಿರುಗಿಸಿತ್ತು. ಹಾಗಂತ ಮಕ್ಕಳಿಗೆ ಜಂತುಹುಳದ ಮಾತ್ರೆ ನಿಲ್ಲಿಸೋಕೆ ಹೋಗಬೇಡಿ.

ನೋವಿನ ಮಾತ್ರೆಯ ಅಲ್ಸರ್ ಬೇಗ ಹೇಳಿ ಮುಗಿಸುತ್ತೇನೆ. ಪೈಲೋರಿ ಇಲ್ಲದೆ ಅಲ್ಸರ್ ಆಗುವ ದೊಡ್ಡ ದಾರಿ ಇದು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್. ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಿಂಗಳುಗಟ್ಟಲೆ ನುಂಗುತ್ತಾರಲ್ಲ, ಅವು. ಲೋಳೆಯ ಹೊದಿಕೆಯನ್ನು ನೋಡಿಕೊಳ್ಳುವ ಪ್ರೋಸ್ಟಾಗ್ಲ್ಯಾಂಡಿನ್ ಅನ್ನೋ ವಸ್ತುವನ್ನು ಇವು ನಿಲ್ಲಿಸುತ್ತವೆ. ಜಾನ್ ವೇನ್ 1971ರಲ್ಲಿ ಕಂಡುಹಿಡಿದದ್ದು. ಇಲ್ಲೂ ನಮ್ಮ ನ್ಯೂಟ್ರೋಫಿಲ್ ಇದೆ. ಈ ಮಾತ್ರೆ ಬಿದ್ದರೆ ಜಠರದ ಸಣ್ಣ ರಕ್ತನಾಳಗಳ ಒಳಗೆ ಅವು ಅಂಟಿಕೊಂಡು ರಕ್ತ ಓಡಾಟ ಕೆಡಿಸುತ್ತವೆ. 1990ರ ಹೊತ್ತಿಗೆ ಜಾನ್ ವಾಲೇಸ್ ಮತ್ತು ಜೊತೆಯವರು ಇಲಿಗಳಲ್ಲಿ ನ್ಯೂಟ್ರೋಫಿಲ್ ತೆಗೆದುಹಾಕಿ ನೋವಿನ ಮಾತ್ರೆ ಕೊಟ್ಟರು. ಹುಣ್ಣು ಗಣನೀಯವಾಗಿ ಕಡಿಮೆ. ಬ್ಯಾಕ್ಟೀರಿಯಾ ಇಲ್ಲದ ಜಾಗದಲ್ಲೂ ದೊಣ್ಣೆ ಅದೇ.

ಹಾಗಾದರೆ ಚಿಕಿತ್ಸೆ? ಹಂದಿಯನ್ನು ಓಡಿಸಬೇಕು, ಜನ ತಾವಾಗಿ ಮನೆಗೆ ಹೋಗುತ್ತಾರೆ. ಆಸಿಡ್ ಕಡಿಮೆ ಮಾಡುವ ಮಾತ್ರೆ ಜೊತೆ ಎರಡೋ ಮೂರೋ ಆಂಟಿಬಯೋಟಿಕ್, ಸಾಮಾನ್ಯವಾಗಿ 14 ದಿನ. ನಾಲ್ಕನೇ ದಿನ ಹೊಟ್ಟೆ ತಣ್ಣಗಾಯಿತು ಅಂತ ನಿಲ್ಲಿಸಿದರೆ ಉಳಿದ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತೆ ಆಗುತ್ತದೆ, ನಮ್ಮ ದೇಶದಲ್ಲಿ ಈ ತೊಂದರೆ ಈಗಾಗಲೇ ಜಾಸ್ತಿ ಇದೆ. ಬ್ಯಾಕ್ಟೀರಿಯಾ ಪೂರ್ತಿ ಹೋದ ಮೇಲೆ ಸ್ಲೈಡ್ ನೋಡಿದರೆ ಮೊದಲು ಮಾಯವಾಗೋದು ಆ ಮಣಿಬೀಜದ ನ್ಯೂಟ್ರೋಫಿಲ್‌ಗಳು. ಉಳಿದ ಸಂತೆ ಕರಗೋಕೆ ತಿಂಗಳು, ಕೆಲವೊಮ್ಮೆ ವರ್ಷ ಬೇಕು. ಬರೀ ಆಸಿಡ್ ಮಾತ್ರೆಯಿಂದ ವಾಸಿಯಾದ ಹುಣ್ಣು ಮಾತ್ರೆ ಬಿಟ್ಟ ಮೇಲೆ ಬಹುಪಾಲು ಮಂದಿಗೆ ಮರಳುತ್ತಿತ್ತು. ಪೈಲೋರಿ ಹೋದರೆ ಮರಳೋದು ಬಹಳ ಕಡಿಮೆ. ಇನ್ನೂ ಒಂದು ಅಚ್ಚರಿ. ಈ ಗಲಾಟೆಯಿಂದ ಕೆಲವರ ಜಠರದಲ್ಲಿ ಮಾಲ್ಟ್ ಲಿಂಫೋಮಾ ಅನ್ನೋ ಕ್ಯಾನ್ಸರ್ ಬರುತ್ತದೆ, ಅದು ಬಿಳಿಕಣಗಳದೇ ಕ್ಯಾನ್ಸರ್. ಶುರುವಿನಲ್ಲಿ ಸಿಕ್ಕರೆ ಅದು ಬಹಳ ಜನರಲ್ಲಿ ಬರೀ ಆಂಟಿಬಯೋಟಿಕ್‌ಗೆ ಕರಗಿಹೋಗುತ್ತದೆ ಅಂತ 1993ರಲ್ಲಿ ತೋರಿಸಿದರು. ಕೂಗೋರು ಇಲ್ಲದಿದ್ದರೆ ಗುಂಪಿಗೂ ಕೆಲಸ ಇಲ್ಲ.

ಲಸಿಕೆ ಯಾಕಿಲ್ಲ ಅಂತ ಯಾರೋ ಮಧ್ಯೆ ಕೇಳಿದರು. ಕಷ್ಟ ಇರೋದು ಇಲ್ಲೇ. ಸಹಜ ಸೋಂಕಿನಲ್ಲೇ ಪ್ರತಿಕಾಯ, ಅಂದರೆ ರೋಗಾಣುವನ್ನು ಹಿಡಿಯೋಕೆ ಮೈ ಮಾಡುವ ಪ್ರೋಟೀನು, ಬೇಕಾದಷ್ಟು ಹುಟ್ಟುತ್ತದೆ, ಆದರೂ ಪೈಲೋರಿ ಹೋಗಲ್ಲ. ಗಲಾಟೆ ಹೆಚ್ಚಿಸದೆ ಅದನ್ನು ಓಡಿಸುವಂಥ ಲಸಿಕೆ ಬೇಕು. ಚೀನಾದಲ್ಲಿ 4,464 ಮಕ್ಕಳ ಮೇಲೆ ಬಾಯಿಗೆ ಕೊಡುವ ಲಸಿಕೆಯೊಂದನ್ನು ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು. ಮೊದಲ ವರ್ಷ 71.8% ರಕ್ಷಣೆ ಕೊಟ್ಟಿತು. ಅದರಲ್ಲಿದ್ದದ್ದು ಅದೇ ಯೂರಿಯೇಸ್‌ನ ಒಂದು ತುಂಡು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಕಾಲೇಜು ಹುಡುಗಿಯೊಬ್ಬಳು ಚೆನ್ನಾಗಿ ಹಿಡಿದಳು. "ಸರ್, ಎಲ್ಲ ಇಮ್ಯೂನಿಟಿ ಗಲಾಟೆಯೇ ಆದ್ರೆ ಅದನ್ನು ತಗ್ಗಿಸೋ ಸ್ಟೀರಾಯ್ಡ್ ಕೊಟ್ಟು ಅಲ್ಸರ್ ವಾಸಿ ಮಾಡಬಹುದಲ್ವಾ?" ಆಗಲ್ಲ ಅಂದೆ. ಗದ್ದೆ ತುಳಿದವರೇ ಬೆಳಿಗ್ಗೆ ಬಂದು ಬದು ಕಟ್ಟಬೇಕು. ಸತ್ತ ಜೀವಕೋಶ ಬಳಿದು ತೆಗೆಯೋದು, ಹೊಸ ರಕ್ತನಾಳ ಬೆಳೆಯೋಕೆ ಸುದ್ದಿ ಕಳಿಸೋದು, ಗುಳಿ ತುಂಬಿಸೋದು, ಇದರಲ್ಲೆಲ್ಲ ಅದೇ ಬಿಳಿಕಣಗಳ ಕೈ ಇದೆ. ಸ್ಟೀರಾಯ್ಡ್ ಆ ಕೆಲಸವನ್ನೂ ನಿಲ್ಲಿಸುತ್ತದೆ. ಅದರಲ್ಲೂ ನೋವಿನ ಮಾತ್ರೆ ಜೊತೆ ಸ್ಟೀರಾಯ್ಡ್ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಹಲವು ಪಟ್ಟು. ಅವಳು ಬರೆದುಕೊಂಡಳು.

ಕೊನೆಗೆ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಬಂದು ಜೇಬಿನಿಂದ ಮಡಚಿದ ಕಾಗದ ತೆಗೆದರು. "14 ದಿನ ಒಂದೂ ಮಾತ್ರೆ ತಪ್ಪಿಸದೆ ನುಂಗಿದೀನಿ ಡಾಕ್ಟ್ರೇ. ಮೂರು ತಿಂಗಳಾಯ್ತು. ಮೊನ್ನೆ ಟೆಸ್ಟ್ ಮಾಡಿಸಿದ್ರೆ ಮತ್ತೆ ಪಾಸಿಟಿವ್ ಅಂತ ಬಂದಿದೆ." ನೋಡಿದೆ. ರಕ್ತದಲ್ಲಿ ಪ್ರತಿಕಾಯ ಇದೆಯಾ ಅಂತ ನೋಡುವ ಟೆಸ್ಟು. ಪೈಲೋರಿ ಹೋದ ಮೇಲೂ ಪ್ರತಿಕಾಯ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ರಕ್ತದಲ್ಲಿ ಇರುತ್ತದೆ. ಇದು ಹಳೇ ಜಗಳದ ಎಫ್ಐಆರ್, ಈಗ ಕಳ್ಳ ಮನೆಯಲ್ಲಿದ್ದಾನಾ ಅಂತ ಇದು ಹೇಳಲ್ಲ ಅಂದೆ. ಅದಕ್ಕೆ ಉಸಿರಿನ ಟೆಸ್ಟ್ ಇದೆ. ಗುರುತು ಹಾಕಿದ ಯೂರಿಯಾ ಕುಡಿಸಿ ಚೀಲಕ್ಕೆ ಊದಿಸುತ್ತಾರೆ, ಬ್ಯಾಕ್ಟೀರಿಯಾ ಇದ್ದರೆ ಅದನ್ನು ಒಡೆದದ್ದು ಉಸಿರಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಮಲದಲ್ಲಿ ಬ್ಯಾಕ್ಟೀರಿಯಾದ ಚೂರು ಹುಡುಕುವ ಆಂಟಿಜೆನ್ ಟೆಸ್ಟ್. ಆಂಟಿಬಯೋಟಿಕ್ ಮುಗಿದು ನಾಲ್ಕು ವಾರ ಆಗಿರಬೇಕು, ಆಸಿಡ್ ಮಾತ್ರೆಯನ್ನು ಎರಡು ವಾರ ಮುಂಚೆ ಡಾಕ್ಟರನ್ನು ಕೇಳಿ ನಿಲ್ಲಿಸಿರಬೇಕು.

ಅವರು ಕಾಗದವನ್ನು ಅದೇ ಮಡಿಕೆಗೆ ಮಡಚಿ ಜೇಬಿಗಿಟ್ಟುಕೊಂಡರು. ಸ್ವಲ್ಪ ಹೊತ್ತು ಸುಮ್ನೆ ನಿಂತು, "ಮತ್ತೆ ಇದಕ್ಯಾಕೆ ದುಡ್ಡು ತಗೊಂಡ್ರು ಅವರು?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ಕಾಫಿ ಬಂತು.